ಜನೆಲು, ಬಾಲ್ದಿ, ಚಾವಿ... ಮನೆಯೊಳಗಿನ ಈ ಶಬ್ದಗಳೆಲ್ಲ ಎಲ್ಲಿಂದ ಬಂದದ್ದು?

ಕದ್ರಿಗುಡ್ಡೆ
ಎಲ್ರಿಗೂ ನಮಸ್ಕಾರ. ಒಂದು ವಿಷಯ ಕೇಳ್ಲಿಕ್ಕಿತ್ತು. ಮಗಳಿಗೆ ಶಾಲೆಯಲ್ಲಿ "ನಮ್ಮ ಮನೆ" ಅಂತ ಪ್ರಬಂಧ ಕೊಟ್ಟಿದ್ರು. ಅವಳು "ಜನೆಲಿನಿಂದ ತೆಂಗಿನ ತೋಟ ಕಾಣುತ್ತದೆ, ಬಾವಿಕಟ್ಟೆಯಲ್ಲಿ ಬಾಲ್ದಿ ಉಂಟು" ಅಂತ ಬರೆದ್ಲು. ಎರಡಕ್ಕೂ ಕೆಂಪು ಗೆರೆ. ಪಕ್ಕದಲ್ಲಿ "ಕಿಟಕಿ", "ಬಕೆಟ್" ಅಂತ ತಿದ್ದಿ, ಕೆಳಗೆ "ತುಳು ಪದ ಬಳಸಬೇಡ" ಅಂತ ಷರಾ. ಮಗು ಅತ್ತೇಬಿಟ್ಲು. ಜನೆಲು ತುಳು ಶಬ್ದವಾ? ನಮ್ಮಲ್ಲಿ ಕನ್ನಡ ಮಾತಾಡುವಾಗ್ಲೂ ಅಜ್ಜಿ ಕಾಲದಿಂದ ಜನೆಲು ಅಂತ್ಲೇ ಹೇಳುವುದು. ಬಾಲ್ದಿ ತೆಗೆದು ಬಕೆಟ್ ಅಂತ ಹಾಕಿದ್ರೆ ಅದು ಕನ್ನಡ ಹೇಗಾಯ್ತು? ಗೊತ್ತಿದ್ದವರು ಹೇಳಿ. ನಿಮ್ಮ ಮನೆಯಲ್ಲಿ ಬಳಸುವ ಇಂಥ ಬೇರೆ ಶಬ್ದ ಇದ್ರೂ ಹಾಕಿ, ಮಗಳು ಪಟ್ಟಿ ಮಾಡ್ತಾ ಇದ್ದಾಳೆ.

ಬೊಂದೆಲ್ ಬಾಯ್
ಜನೆಲು ಪೋರ್ಚುಗೀಸ್. ಮೂಲ ಜನೇಲಾ. ನಾವು ಕೊಂಕಣಿಯಲ್ಲೂ ಜನೆಲ್ ಅಂತ್ಲೇ ಹೇಳುವುದು. ಬಾಲ್ದಿಯೂ ಅಲ್ಲಿಂದ್ಲೇ ಬಂದದ್ದು, ಬಾಲ್ದೆ. ಚಾವಿ ಕೂಡ. ತುಳುವಿನ ಮೇಲೆ ಯಾಕೆ ಅಪವಾದ?

ಮಣಿಪಾಲ ರಾತ್ರಿ
ಬೊಂದೆಲ್ ಅವರು ಹೇಳಿದ್ದು ಸರಿ. ಜನೇಲಾದ ಹಿಂದೆ ಇರುವುದು ಲ್ಯಾಟಿನ್ನಿನ ಯಾನುವಾ, ಅಂದ್ರೆ ಬಾಗಿಲು. ಜನೇಲಾ ಅಂದ್ರೆ ಪುಟ್ಟ ಬಾಗಿಲು. ಬಾಗಿಲು ಕಾಯುವ ರೋಮನ್ನರ ದೇವರು ಯಾನುಸ್, ಅವನ ಹೆಸರಿಂದ್ಲೇ ಜನವರಿ ತಿಂಗಳು. ಅಂದ್ರೆ ನಮ್ಮ ಗೋಡೆಯ ಜನೆಲೂ ಅದೇ ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನ ಮೊದಲ ಪುಟವೂ ಒಂದೇ ಸಂಸಾರ.

ಇನ್ನು ಟೀಚರ್ ತಿದ್ದಿದ್ದು. ಕಿಟಕಿ ಉಂಟಲ್ಲ, ಅದು ಉತ್ತರದ ಖಿಡ್ಕಿ ಕುಟುಂಬದ್ದು. ಬಕೆಟ್ ಇಂಗ್ಲಿಷ್. ಷರಾ ಅರಬ್ಬಿ. ಒಂದು ಹೊರಗಿನ ಶಬ್ದಕ್ಕೆ ಗೆರೆ ಹಾಕಿ ಇನ್ನೊಂದು ಹೊರಗಿನ ಶಬ್ದ ಕೂರಿಸಿದ್ದು ಅಷ್ಟೇ. ಅಷ್ಟಕ್ಕೆ ಮಗುವಿನ ಮನಸ್ಸಿಗೆ ಬೇಜಾರು ಮಾಡ್ಬೇಕಿತ್ತಾ?

ಅಚ್ಚಗನ್ನಡ
ಎಲ್ಲವೂ ಹೊರಗಿನದ್ದು ಅಂತ ಹೇಳಿ ಕೊನೆಗೆ ಕನ್ನಡದಲ್ಲಿ ಎಂತ ಉಳಿಸ್ತೀರಿ ನೀವು? ಗವಾಕ್ಷ ಅಂತ ಎಷ್ಟು ಚಂದದ ಶಬ್ದ ಉಂಟು, ಅದನ್ನು ಬಳಸ್ಲಿಕ್ಕೆ ಎಂತ ಕಷ್ಟ?

ಮಣಿಪಾಲ ರಾತ್ರಿ
ಗವಾಕ್ಷ ಸಂಸ್ಕೃತ ಸ್ವಾಮಿ. ಗೋ ಮತ್ತೆ ಅಕ್ಷ, ಹಸುವಿನ ಕಣ್ಣು. ಇಂಗ್ಲಿಷಿನ ವಿಂಡೋ ಕೂಡ ಹಾಗೇ, ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಯ ಗಾಳಿಯ ಕಣ್ಣು. ನಮ್ಮದೇ ಬೇಕು ಅಂತಾದ್ರೆ ಬೆಳಕಂಡಿ ಉಂಟು, ಬೆಳಕಿನ ಕಂಡಿ. ಅದು ನಿಜಕ್ಕೂ ಚಂದ. ಆದ್ರೆ ಮಾಡಿನ, ಅಂದ್ರೆ ಚಾವಣಿಯ, ಹತ್ತಿರ ಬೆಳಕಿಗೆ ಅಂತ ಬಿಡುವ ಸಣ್ಣ ಕಂಡಿಗೂ ಎರಡು ಬಾಗಿಲು, ಕೀಲು, ಚಿಲಕ ಇರುವ ಮರದ ಜನೆಲಿಗೂ ವ್ಯತ್ಯಾಸ ಇಲ್ವಾ? ನನ್ನ ಅಂದಾಜು, ಆ ಥರದ ಜನೆಲು ಬಂದಾಗ ಅದರ ಹೆಸರೂ ಜೊತೆಗೇ ಬಂತು.

ಬಸ್ರೂರು ಮೂಲ
ಹ್ವಾಯ್, ಕುಂದಾಪ್ರದ ಹತ್ರದ ನಮ್ಮ ಬಸ್ರೂರ್ ಬಿಟ್ ಮಾತಾಡ್ಬೇಡಿ ಕಾಣಿ. ಪೋರ್ಚುಗೀಸ್ರು ಅಂದ್ಕೂಡ್ಲೆ ಎಲ್ಲರೂ ಗೋವಾ ಗೋವಾ ಅಂತ್ರ್. 1498ರಗೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು, 1510ರಗೆ ಗೋವಾ ಹಿಡ್ದದ್ದು, ಅದೆಲ್ಲ ಸರಿಯೇ. ಆದ್ರೆ ನಮ್ಮ ಕರಾವಳಿಯ ಅಕ್ಕಿ ಇಲ್ದೆ ಅವರ ಹೊಟ್ಟೆ ತುಂಬ್ತಾ ಇರ್ಲಿಲ್ಲ. ಬಸ್ರೂರನ್ನು ಅವರು ಬಾರ್ಸೆಲೋರ್ ಅಂತಿದ್ರು, ಇಲ್ಲಿ ಕೋಟೆ ಇತ್ತು, ವ್ಯಾಪಾರದ ಕೋಠಿ ಇತ್ತು. 1665ರಲ್ಲಿ ಶಿವಾಜಿ ಹಡಗು ತಂದು ಲೂಟಿ ಮಾಡಿದ್ದೂ ಇದೇ ಊರನ್ನು, ಸುಮ್ನೆ ಬಂದದ್ದಲ್ಲ, ಅಷ್ಟು ಹಣ ಓಡಾಡ್ತಿತ್ತು. ಮಂಗಳೂರಲ್ಲೂ 1568ರ ಹೊತ್ತಿಗೆ ಕೋಟೆ ಕಟ್ಟಿದ್ರು. ಅಷ್ಟು ಕಾಲ ಲೆಕ್ಕ ಬರ್ಕೊಂಡು, ಅಕ್ಕಿ ಅಳೆದು, ಜಗಳ ಮಾಡಿ, ಒಟ್ಟಿಗೆ ಇದ್ದವರ ಬಾಯಿಂದ ನಾಲ್ಕು ಶಬ್ದ ಇಲ್ಲೇ ಉಳೀದೆ ಇರ್ತದಾ?

ಕಾರ್‌ಸ್ಟ್ರೀಟ್
ಪಟ್ಟಿಗೆ ಹಾಕಿ: ಮೇಜು, ಸಾಬೂನು, ತುವಾಲು, ಅಲಮಾರು, ಇಸ್ತ್ರಿ, ಮೇಸ್ತ್ರಿ, ಪೀಪಾಯಿ, ಪಾವು (ಬ್ರೆಡ್ಡು), ಬಟಾಟೆ. ಎಲ್ಲ ಪೋರ್ಚುಗೀಸ್.

ಉಳ್ಳಾಲ ಕಡಲು
ಸಾಬೂನು ಬಿಡಿ. ಅದು ಅರಬ್ಬಿಯ ಸಾಬೂನ್, ಅಕ್ಷರಶಃ ಅದೇ. ಪೋರ್ಚುಗೀಸರದ್ದು ಸಬಾಂವ್. ಕೊನೆಯ "ಊನು" ಎಲ್ಲಿಂದ ಬಂತು ಹಾಗಾದ್ರೆ?

ಕಾರ್‌ಸ್ಟ್ರೀಟ್
ಎರಡೂ ಲ್ಯಾಟಿನ್ ಸಾಪೋದಿಂದ ಬಂದದ್ದು, ಯಾವ ದಾರಿ ಆದ್ರೆ ಎಂತ?

ಉಳ್ಳಾಲ ಕಡಲು
ದಾರಿಯೇ ವಿಷಯ ಇಲ್ಲಿ. ಪೋರ್ಚುಗೀಸರು ಬರುವ ಮೊದಲೇ ಅರಬ್ಬರ ಹಡಗು ಈ ಕರಾವಳಿಯಲ್ಲಿ ಶತಮಾನಗಟ್ಟಲೆ ಓಡಾಡಿದೆ. ಕುರ್ಚಿ ಅರಬ್ಬಿ, ಕುರ್ಸಿ. ಕಾಗದ ಪಾರ್ಸಿ, ಅಂದ್ರೆ ಪರ್ಶಿಯಾದ ಭಾಷೆ. ಪರದೆ ಪಾರ್ಸಿ. ರುಮಾಲು ಪಾರ್ಸಿ, ರೂ ಅಂದ್ರೆ ಮುಖ, ಮಾಲ್ ಅಂದ್ರೆ ಒರೆಸುವುದು. ಪೈಜಾಮ ಕೂಡ, ಪಾಯ್ ಅಂದ್ರೆ ಕಾಲು, ಜಾಮಾ ಅಂದ್ರೆ ಬಟ್ಟೆ. ಕರಾವಳಿ ಅಂದ ಕೂಡ್ಲೆ ಎಲ್ಲದಕ್ಕೂ ಪೋರ್ಚುಗೀಸ್ ಚೀಟಿ ಅಂಟಿಸುವುದು ಸರಿಯಲ್ಲ.

ಧಾರವಾಡ ಪೇಡೆ
ಮೇಜು ನಾವೂ ಅಂತೀವ್ರೀ, ನಮ್ಮ ಕಡೆ ಯಾವ ಹಡಗೂ ಬಂದಿಲ್ಲ. ಅದು ಪಾರ್ಸಿಯ ಮೇಜ್. ಮೇಜವಾನಿ ಅನ್ನೋ ಮಾತು ಅದ ಅಲ್ರಿ, ಊಟ ಹಾಕ್ಸೋದು, ಅದು ಪಾರ್ಸಿಯ ಮೇಜ್‌ಬಾನಿ, ಅತಿಥಿ ಸತ್ಕಾರ. ಬಿಜಾಪುರದ ದರಬಾರದಿಂದ ಬಂದದ್ದು, ಗೋವಾದಿಂದ ಅಲ್ಲ.

ಬೊಂದೆಲ್ ಬಾಯ್
ಮೇಜವಾನಿ ಪಾರ್ಸಿ, ಒಪ್ಪಿದೆ. ಮೇಜು ಮೇಸಾದಿಂದ್ಲೇ. ನಿಮ್ಮಲ್ಲಿ ಬೇಕಾದ್ರೆ ಪಾರ್ಸಿ ಇರ್ಲಿ, ನಮ್ಮಲ್ಲಿ ಪೋರ್ಚುಗೀಸ್.

ಮಣಿಪಾಲ ರಾತ್ರಿ
ಇದು ಸುಲಭದಲ್ಲಿ ಮುಗಿಯುವ ಜಗಳ ಅಲ್ಲ. ಮೇಸಾ ಅಂತ ಬರೆದ್ರೂ ಪೋರ್ಚುಗೀಸರು ಓದುವುದು ಮೇಝ ಅಂತ, ನಡುವಿನ ಸ ಅಲ್ಲಿ ಝ ಆಗ್ತದೆ. ಪಾರ್ಸಿಯದ್ದೂ ಮೇಝ್. ಎರಡೂ ಕನ್ನಡಕ್ಕೆ ಬಂದ್ರೆ ಮೇಜು ಅಂತ್ಲೇ ಆಗುವುದು. ಬರೀ ಉಚ್ಚಾರ ಕೇಳಿ ತೀರ್ಮಾನ ಮಾಡ್ಲಿಕ್ಕೆ ಆಗುವುದಿಲ್ಲ. ಶಬ್ದದ ಮೂಲ ಹುಡುಕುವಾಗ ಉಚ್ಚಾರದ ಜೊತೆ ಆ ವಸ್ತು ಯಾರ ಕೈಯಿಂದ ಬಂತು, ಸುತ್ತಲಿನ ಭಾಷೆಗಳಲ್ಲಿ ಯಾವ ರೂಪ ಉಂಟು, ಇದೆಲ್ಲ ನೋಡ್ಬೇಕು. ಮಲಯಾಳದಲ್ಲಿ ಮೇಶ, ಅದು ಪೋರ್ಚುಗೀಸ್ ಕಡೆಗೆ ವಾಲ್ತದೆ. ಮರಾಠಿ, ಉರ್ದುವಿನಲ್ಲಿ ಮೇಜ್. ನಮ್ಮದು ಎರಡು ರಾಜ್ಯಗಳ ನಡುವೆ ಸಿಕ್ಕಿದ ಭಾಷೆ, ಎರಡು ಬಾಗಿಲಿಂದ್ಲೂ ಒಂದೇ ಶಬ್ದ ಒಳಗೆ ಬಂದಿದ್ರೆ ಆಶ್ಚರ್ಯ ಇಲ್ಲ.

ಧಾರವಾಡದವರಿಗೆ ಒಂದು ಮಾತು. ನೀವು ಸಂಬಳಕ್ಕೆ ಪಗಾರ ಅಂತೀರಲ್ಲ, ಅದು ಪೋರ್ಚುಗೀಸ್. ಪಗಾರ್ ಅಂದ್ರೆ ಹಣ ಕೊಡುವುದು. ಹಡಗು ಧಾರವಾಡಕ್ಕೆ ಬರದಿದ್ರೂ ಶಬ್ದ ಘಟ್ಟ ಹತ್ತಿ ಬಂದಿದೆ.

ಧಾರವಾಡ ಪೇಡೆ
ಪಗಾರ ಮರಾಠಿಯಿಂದ ಬಂದದ್ರೀ.

ಮಣಿಪಾಲ ರಾತ್ರಿ
ಮರಾಠಿಗೆ ಎಲ್ಲಿಂದ ಬಂತು, ಅದನ್ನೂ ಹೇಳಿ.

ನೀರುಳ್ಳಿಬಜೆ
ಇಸ್ತ್ರಿ ಅಂದ್ರೆ ಸ್ತ್ರೀಯರು ಮಾಡುವ ಕೆಲಸ ಅದಕ್ಕೆ ಇಸ್ತ್ರಿ ಅಂತ ನಮ್ಮ ಮಾಷ್ಟ್ರು ಹೇಳಿದ್ರು

ಕಾರ್‌ಸ್ಟ್ರೀಟ್
ಇಲ್ಲ. ಊರಲ್ಲಿ ಇಸ್ತ್ರಿ ಪೆಟ್ಟಿಗೆಗೆ ಗೆರಟೆಯ ಕೆಂಡ ಹಾಕಿ ದುಡಿದವರಲ್ಲಿ ಗಂಡಸರೇ ಜಾಸ್ತಿ. ಪೋರ್ಚುಗೀಸಿನಲ್ಲಿ ಎಸ್ತಿರಾರ್ ಅಂದ್ರೆ ಎಳೆದು ಚಾಚುವುದು, ಬಟ್ಟೆಯ ಸುಕ್ಕು ಬಿಡಿಸುವುದು. ಕೇಳ್ಲಿಕ್ಕೆ ಒಂದೇ ಥರ ಇದ್ದ ಕೂಡ್ಲೆ ಕತೆ ಕಟ್ಟುವುದು ತಪ್ಪು.

ಪುತ್ತೂರು ಅಡಿಕೆ
ಹಾಗಾದ್ರೆ ಕಪಾಟು? ಅದು ಇಂಗ್ಲಿಷಿನ ಕಬೋರ್ಡ್ ಅಲ್ವಾ? ಇಷ್ಟು ದಿನ ನಾವೆಲ್ಲ ಹಾಗೇ ತಿಳ್ಕೊಂಡದ್ದು.

ಮಣಿಪಾಲ ರಾತ್ರಿ
ಕಪಾಟು ಸಂಸ್ಕೃತದ ಕಪಾಟ, ಬಾಗಿಲಿನ ರೆಕ್ಕೆ. ಬಾಗಿಲು ಇರುವ ಪೆಟ್ಟಿಗೆಗೆ ಆ ಹೆಸರು ಬಂತು. ಅದರ ಇನ್ನೊಂದು ರೂಪ ಕವಾಟ, ವಿಜ್ಞಾನದ ಪುಸ್ತಕದಲ್ಲಿ ಹೃದಯದ ಕವಾಟ ಅಂತ ಓದ್ತೇವಲ್ಲ, ಅದೇ. ಕಬೋರ್ಡ್ ಅಂದ್ರೆ ಮೂಲದಲ್ಲಿ ಕಪ್ಪು ಇಡುವ ಹಲಗೆ. ಎರಡೂ ಹತ್ತಿರ ಹತ್ತಿರ ಕೇಳಿಸುವುದು ಕಾಕತಾಳೀಯ. ಅಲಮಾರು ಮಾತ್ರ ಪೋರ್ಚುಗೀಸಿನ ಅರ್ಮಾರಿಯೊ, ಅದರ ಲ್ಯಾಟಿನ್ ಮೂಲದಲ್ಲಿ ಅದು ಆಯುಧ, ಸಲಕರಣೆ ಇಡುವ ಪೆಟ್ಟಿಗೆ. ಈಗ ಅದರಲ್ಲಿ ಸೀರೆ ಇಡ್ತೇವೆ.

ಬೊಂದೆಲ್ ಬಾಯ್
ಕುರ್ಚಿಗೆ ನಮ್ಮ ಮನೆಯಲ್ಲಿ ಕದೇಲ್ ಅಂತೇವೆ. ಪೋರ್ಚುಗೀಸ್ ಕದೇಯ್ರಾ. ಕಾಸರಗೋಡು ದಾಟಿದ್ರೆ ಮಲಯಾಳದಲ್ಲಿ ಕಸೇರ, ಅದೂ ಅದೇ. ಅದರ ಮೂಲ ಗ್ರೀಕಿನ ಕಥೆದ್ರಾ, ಆಸನ. ಬಿಷಪರ ಆಸನ ಇರುವ ಇಗರ್ಜಿಗೆ ಕೆಥೆಡ್ರಲ್ ಅನ್ನುವುದು ಅದಕ್ಕೇ. ನಮ್ಮ ರೊಸಾರಿಯೊ ಕೆಥೆಡ್ರಲ್ ಮತ್ತೆ ನಮ್ಮಜ್ಜನ ಬೆತ್ತದ ಕದೇಲ್ ಒಂದೇ ಶಬ್ದ! ಇದು ಗೊತ್ತಾದ ದಿವಸ ನಾನು ಮನೆಯಲ್ಲಿ ಎಲ್ರಿಗೂ ಹೇಳಿಕೊಂಡು ತಿರುಗಿದ್ದೆ.

ಕದ್ರಿಗುಡ್ಡೆ
ಅಬ್ಬ, ಮಗಳಿಗೆ ಇದನ್ನು ಓದಿ ಹೇಳಿದೆ, ತುಂಬ ಖುಷಿ ಆಯ್ತು ಅವಳಿಗೆ. ಈಗ ಅವಳ ಪ್ರಶ್ನೆ: ಬಾಗಿಲು ಯಾವ ಭಾಷೆ?

ತುಳುವಪ್ಪೆ
ಇದಕ್ಕೆ ನಾನು ಹೇಳ್ತೇನೆ. ಬಾಗಿಲು ಅಪ್ಪಟ ನಮ್ಮದು, ಕನ್ನಡ ತುಳು ತಮಿಳು ಎಲ್ಲದಕ್ಕೂ ಸೇರಿದ್ದು. ತುಳುವಿನಲ್ಲಿ ಬಾಕಿಲ್, ತಮಿಳಿನಲ್ಲಿ ವಾಯಿಲ್. ಬಾಯಿ ಮತ್ತೆ ಇಲ್. ಇಲ್ ಅಂದ್ರೆ ಮನೆ, ಮನೆಯ ಬಾಯಿ! ಕನ್ನಡದಲ್ಲಿ ಆ ಇಲ್ ಬಿಡಿಯಾಗಿ ಈಗ ಬಳಕೆಯಲ್ಲಿಲ್ಲ, ತುಳುವಿನಲ್ಲಿ ಇಂದಿಗೂ ಮನೆಗೆ ಇಲ್ಲ್ ಅಂತ್ಲೇ ಹೇಳುವುದು. "ಇಲ್ಲಡೆ ಬಲೆ", ಮನೆಗೆ ಬನ್ನಿ, ಅಂತ ಕರೀತೇವಲ್ಲ, ಆ ಇಲ್ಲ್ ನಿಮ್ಮ ಕನ್ನಡದ ಬಾಗಿಲಿನೊಳಗೆ ಕೂತಿದೆ. "ತುಳು ಪದ ಬಳಸಬೇಡ" ಅಂತ ಬರೆಯುವ ಮೊದಲು ಕನ್ನಡದ ಬೀಗ ತೆಗೆಯುವ ಚಾವಿ ಎಷ್ಟೋ ಕಡೆ ತುಳುವಿನ ಹತ್ರ ಉಂಟು ಅಂತ ತಿಳ್ಕೊಳ್ಳಬೇಕು. ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರು 6 ಸಂಪುಟದ ತುಳು ನಿಘಂಟು ಮಾಡಿಟ್ಟಿದ್ದಾರೆ, ಲೈಬ್ರರಿಯಲ್ಲಿ ಕೂತು ಯಾರು ಬೇಕಾದ್ರೂ ನೋಡಬಹುದು. ಅದಕ್ಕೂ ಮೊದಲು 1886ರಲ್ಲೇ ಮಂಗಳೂರಲ್ಲಿ ಮೆನ್ನರ್ ಅವರ ತುಳು ನಿಘಂಟು ಅಚ್ಚಾಗಿತ್ತು, ಕಿಟೆಲ್ ಅವರ ಕನ್ನಡದ್ದು ಬಂದದ್ದು 1894ರಲ್ಲಿ. ಕಿಟೆಲ್ ಅವರದ್ದಕ್ಕಿಂತ ತುಳುವಿನದ್ದೇ ಮೊದಲು ಬಂತು.

ಅಚ್ಚಗನ್ನಡ
ಇದು ಬೇಕಿತ್ತು ನನಗೆ. ಇಂಥದ್ದನ್ನು ಮೊದಲು ಮಕ್ಕಳಿಗೆ ಹೇಳಿಕೊಡಿ, ಪೋರ್ಚುಗೀಸ್ ಆಮೇಲೆ ನೋಡುವ. ಅಡುಗೆ: ಅಡು ಅಂದ್ರೆ ಬೇಯಿಸು. ಹಾಸಿಗೆ: ಹಾಸು. ಬೆಳ್ಳುಳ್ಳಿ: ಬಿಳಿಯ ಉಳ್ಳಿ. ಒಲೆ, ಸೌಟು, ಮಣೆ, ಉಪ್ಪು, ಹಾಲು, ಅಕ್ಕಿ... ಅಡುಗೆಕೋಣೆ ಪೂರ್ತಿ ನಮ್ಮದೇ.

ಬಸ್ರೂರು ಮೂಲ
ಎಣ್ಣೆ ಬಿಟ್ರಿ. ಎಳ್ಳು ಮತ್ತೆ ನೆಯ್ ಸೇರಿ ಎಣ್ಣೆ. ಎಳ್ಳಿನ ತುಪ್ಪ.

ಪುತ್ತೂರು ಅಡಿಕೆ
ಹಾಗಾದ್ರೆ ತೆಂಗಿನೆಣ್ಣೆ ಅಂದ್ರೆ ತೆಂಗಿನ ಎಳ್ಳುತುಪ್ಪವಾ??

ಮಣಿಪಾಲ ರಾತ್ರಿ
ಹೌದು! ಸಂಸ್ಕೃತದಲ್ಲೂ ಹಾಗೇ, ತಿಲ ಅಂದ್ರೆ ಎಳ್ಳು, ಅದರಿಂದ ತೈಲ. ಇಂಗ್ಲಿಷಿನ ಆಯಿಲ್ ಕೂಡ ಆಲಿವ್ ಕಾಯಿಯ ಹೆಸರಿಂದ ಬಂದದ್ದು. ಯಾವ ಊರಲ್ಲಿ ಯಾವ ಬೀಜ, ಯಾವ ಕಾಯಿ ಮೊದಲು ಹಿಂಡಿದ್ರೋ ಅದೇ ಎಲ್ಲ ಎಣ್ಣೆಗೂ ಹೆಸರಾಯ್ತು.

ಹಂಚಿನಮನೆ
ಚಿಮಿಣಿ ಎಣ್ಣೆ ಯಾರೂ ಹೇಳ್ಲಿಲ್ಲ. ಘಟ್ಟದ ಮೇಲೆ ಸೀಮೆಎಣ್ಣೆ ಅಂತಾರೆ, ಸೀಮೆ ಅಂದ್ರೆ ಪರದೇಶ, ಸೀಮೆಸುಣ್ಣ ಸೀಮೆಬದನೆ ಸೀಮೆಹಸು ಎಲ್ಲ ಹಾಗೇ. ನಮ್ಮಲ್ಲಿ ಚಿಮಿಣಿ ದೀಪಕ್ಕೆ ಹಾಕುವ ಎಣ್ಣೆ ಅಂತ ಚಿಮಿಣಿ ಎಣ್ಣೆ. ಚಿಮಿಣಿ ಇಂಗ್ಲಿಷ್, ಅದರ ಹಿಂದೆ ಗ್ರೀಕಿನ ಕಮಿನೋಸ್, ಕುಲುಮೆ. ರೇಶನ್ ಅಂಗಡಿಯಲ್ಲಿ ಚಿಮಿಣಿ ಎಣ್ಣೆಗೆ ಕ್ಯೂ ನಿಂತದ್ದು ನೆನಪಾಗ್ತದೆ. ಆ ಅರ್ಧ ಶಬ್ದ ಗ್ರೀಸಿಂದ ಹೊರಟು ಇನ್ನರ್ಧ ನಮ್ಮ ಎಳ್ಳಿನ ಗದ್ದೆಯಿಂದ ಬಂದು ಒಂದೇ ಡಬ್ಬದಲ್ಲಿ ಸೇರಿದೆ ಅಂತ ಆಗ ಯಾರಿಗೆ ಗೊತ್ತಿತ್ತು.

ಮಲ್ಪೆ ಬಂದರು
ಮಲ್ಪೆಗೆ ಬೆಳಿಗ್ಗೆ ಬನ್ನಿ, ಬೋಟು ಬಂದ ಕೂಡ್ಲೆ ಏಲಂ ಕೂಗ್ತಾರೆ. ಏಲಂ ಪೋರ್ಚುಗೀಸಿನ ಲೆಯ್ಲಾಂವ್. ಘಟ್ಟದವರ ಲಿಲಾವು ಕೂಡ ಅದೇ. ದೇವಸ್ಥಾನದಲ್ಲಿ ಬಾಳೆಗೊನೆ ಏಲಂ ಹಾಕುವಾಗ ಯಾರಾದ್ರೂ ಅದು ಪರದೇಶದ್ದು ಅಂತ ನಿಲ್ಲಿಸ್ತಾರಾ?

ಉಳ್ಳಾಲ ಕಡಲು
ಪೋರ್ಚುಗೀಸರಿಗೆ ಅದು ಅರಬ್ಬಿಯಿಂದ ಹೋದದ್ದು, ಅಲ್ ಇಅಲಾಮ್, ಸಾರಿ ಹೇಳುವುದು. ಮೊದಲೇ ಹೇಳಿದೆ ನಾನು.

ಪುತ್ತೂರು ಅಡಿಕೆ
ನನಗೊಂದು ಸಂಶಯ. ವಸ್ತು ಹೊಸತಾದ್ರೆ ಹೆಸರೂ ಹೊಸತು ಅಂತ ಮಣಿಪಾಲದವರು ಹೇಳಿದ್ರು. ಮೆಣಸು ಹೇಗೆ ಮತ್ತೆ? ಕೆಂಪು ಮೆಣಸು ಅಮೆರಿಕದಿಂದ ಪೋರ್ಚುಗೀಸರ ಮೂಲಕ ಬಂದದ್ದಲ್ವಾ, ಹೆಸರು ಮಾತ್ರ ಹಳೇ ಕನ್ನಡದ್ದೇ.

ಮಣಿಪಾಲ ರಾತ್ರಿ
ಒಳ್ಳೇ ಪ್ರಶ್ನೆ. ಮೆಣಸು ಅಂದ್ರೆ ಮೊದಲು ಕಾಳುಮೆಣಸು ಮಾತ್ರ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಈ ಕಪ್ಪು ಮೆಣಸಿನಿಂದಾಗಿ. ಆಮೇಲೆ ಬಂದ ಖಾರದ ಕಾಯಿಗೆ ನಮ್ಮವರು ಇದ್ದ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದ್ರು. ಅಷ್ಟಾದ ಮೇಲೆ ಹಳೇ ಮೆಣಸನ್ನು ಬೇರೆ ಮಾಡಿ ಹೇಳ್ಬೇಕಾಯ್ತು, ಅದಕ್ಕೆ ನಮ್ಮಲ್ಲಿ ಒಳ್ಳೆಮೆಣಸು. ತುಳುವಿನಲ್ಲೂ ಮುಂಚಿ, ಎಡ್ಡೆ ಮುಂಚಿ, ಎಡ್ಡೆ ಅಂದ್ರೆ ಒಳ್ಳೆ. ಮೂಲದ್ದು ಯಾವುದು, ಆಮೇಲೆ ಬಂದದ್ದು ಯಾವುದು ಅಂತ ಆ "ಒಳ್ಳೆ"ಯಲ್ಲೇ ಗೊತ್ತಾಗ್ತದೆ.

ಗೇರು ಕೂಡ ಹಾಗೇ. ಧೋಬಿಗಳು ಬಟ್ಟೆಗೆ ಗುರುತು ಹಾಕುವ ಗೇರುಮರ ನಮ್ಮದು, ಅದರ ಕಾಯಿಯ ಎಣ್ಣೆ ತಾಗಿದ್ರೆ ಚರ್ಮ ಸುಡ್ತದೆ. ಬ್ರೆಜಿಲಿನಿಂದ ಬಂದ ಹೊಸ ಮರದ ಬೀಜದ ಸಿಪ್ಪೆಯೂ ಸುಡ್ತಿತ್ತು, ಅದಕ್ಕೂ ಗೇರು ಅಂತ್ಲೇ ಹೆಸರು ಬಿತ್ತು. ಕಾಜು ಅನ್ನುವುದು ಮಾತ್ರ ಬ್ರೆಜಿಲಿನ ಟುಪಿ ಜನರ ಶಬ್ದ, ಪೋರ್ಚುಗೀಸರ ಬಾಯಿಂದ ಬಂದದ್ದು. ಹೊಗೆಸೊಪ್ಪು ನೋಡಿ, ವಸ್ತು ಪರದೇಶದ್ದು, ಹೆಸರು ಪೂರ್ತಿ ಕನ್ನಡ. ಹಂಚು ಕೂಡ, 1860ರ ದಶಕದಲ್ಲಿ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಶನ್ ಕಾರ್ಖಾನೆಯ ಹಂಚು ಮಾಡಿಗೆ ಬಂತು, ಆದ್ರೆ ಹಂಚು ಅನ್ನುವ ಶಬ್ದ ಅದಕ್ಕೆ ಎಷ್ಟೋ ಮೊದಲಿನದ್ದು, ರೊಟ್ಟಿ ಸುಡುವ ಮಣ್ಣಿನ ಹಂಚು, ಮಡಕೆಯ ಚೂರು. ಒಟ್ಟಲ್ಲಿ ಎರಡು ದಾರಿ, ಬಂದವರ ಹೆಸರನ್ನು ಹಾಗೇ ಇಟ್ಟುಕೊಳ್ಳುವುದು ಒಂದು, ನಮ್ಮದೇ ಹೆಸರನ್ನು ಹಿಗ್ಗಿಸುವುದು ಇನ್ನೊಂದು. ಕರಾವಳಿಯವರು ಎರಡನ್ನೂ ಧಾರಾಳ ಮಾಡಿದ್ದಾರೆ.

ಹಂಚಿನಮನೆ
ಚೀನಿಕಾಯಿ ಕೂಡ ಸೇರಿಸಿ. ಸಿಹಿಕುಂಬಳಕ್ಕೆ ನಾವು ಚೀನಿಕಾಯಿ ಅನ್ನುವುದು. ಅದು ಚೀನಾದ್ದಲ್ಲ, ಅಮೆರಿಕದ್ದು. ದೂರದಿಂದ ಬಂದದ್ದಕ್ಕೆಲ್ಲ ಚೀನಾ ಅಂದಿರ್ಬೇಕು.

ನೀರುಳ್ಳಿಬಜೆ
ಖಾಕಿ ಬಣ್ಣ ಕಂಡುಹಿಡಿದದ್ದು ನಮ್ಮ ಬಲ್ಮಠದಲ್ಲಿ ಗೊತ್ತುಂಟಾ, ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆ

ಕಾರ್‌ಸ್ಟ್ರೀಟ್
ಬಾಸೆಲ್ ಮಿಶನ್‌ನ ಹಾಲರ್ 1850ರ ದಶಕದಲ್ಲಿ ಇಲ್ಲಿ ಆ ಬಣ್ಣ ಮಾಡಿಸಿದ್ದು ಹೌದು. ಖಾಕಿ ಅನ್ನುವ ಶಬ್ದ ಪಾರ್ಸಿ, ಖಾಕ್ ಅಂದ್ರೆ ಧೂಳು. ಧೂಳಿನ ಬಣ್ಣದ ಬಟ್ಟೆ ಪೇಶಾವರದ ಕಡೆ 1846ರಲ್ಲಿ ಶುರುವಾದ ಬ್ರಿಟಿಷರ ಗೈಡ್ಸ್ ಪಡೆಯವರೂ ಹಾಕ್ತಿದ್ರು. ಮಂಗಳೂರಿನ ಹೆಮ್ಮೆ ಇರ್ಲಿ, ಆದ್ರೆ ಮೊದಲು ಇಲ್ಲೇ ಅಂತ ಬರೀಬೇಡಿ.

ನೀರುಳ್ಳಿಬಜೆ
ನಮ್ಮದೇ ಮೊದಲು

ಶಿವಮೊಗ್ಗ ಸೊಸೆ
ನಾನು ಮದುವೆಯಾಗಿ ಉಡುಪಿಗೆ ಬಂದವಳು. ಮೊದಮೊದಲು ಅತ್ತೆ "ಚಾ ಕುಡಿದದ್ದಾ" ಅಂತ ಕೇಳಿದ್ರೆ ಮುದ್ದಿಗೆ ಚಿಕ್ಕದು ಮಾಡಿ ಹೇಳ್ತಾರೆ ಅಂದ್ಕೊಂಡಿದ್ದೆ. ನಮ್ಮ ಮನೇಲಿ ಟೀ ಅಂತಿದ್ವಿ. ಎರಡೂ ಚೀನಾದಿಂದಲೇ ಬಂದದ್ದಂತೆ ಹೌದಾ?

ಮಣಿಪಾಲ ರಾತ್ರಿ
ಹೌದು. ಚೀನಾದ ಹೆಚ್ಚಿನ ಕಡೆ ಚಾ, ಫೂಜಿಯನ್ ಕರಾವಳಿಯಲ್ಲಿ ಮಾತ್ರ ತೇ. ಡಚ್ಚರು ಆ ತೇ ಒಯ್ದರು, ಅದು ಇಂಗ್ಲಿಷಿಗೆ ಹೋಗಿ ಟೀ ಆಯ್ತು. ಪೋರ್ಚುಗೀಸರ ನೆಲೆ ಆಗಿದ್ದದ್ದು ಚಾ ಅನ್ನುವ ಮಕಾವು, ಅವರು ಇವತ್ತಿಗೂ ಚಹಾಕ್ಕೆ ಷಾ ಅಂತಾರೆ. ಒಂಟೆಯ ದಾರಿಯಲ್ಲಿ ಪಾರ್ಸಿಗೆ ಹೋದದ್ದು ಚಾಯ್. ಹಾಗಾಗಿ ನಿಮ್ಮ ಅತ್ತೆಯ ಚಾ ಪೂರ್ತಿ ಶಬ್ದವೇ.

ತುಳುವಪ್ಪೆ
ಚಾದ ಒಟ್ಟಿಗೆ ಬನ್ಸ್ ಬಂತಾ?

ಶಿವಮೊಗ್ಗ ಸೊಸೆ
ಬಂತು. ಒಂದೇ ಇದ್ರೂ ಬನ್ಸ್ ಅಂತಾರಲ್ಲ ಇಲ್ಲಿ, ಬನ್ ಅಂದ್ರೆ ಬೇಕರಿಯದ್ದು ಕೊಡ್ತಾರೆ.

ಮಲ್ಪೆ ಬಂದರು
ಬನ್ಸ್ ಬನ್ಸೇ. ಬಾಳೆಹಣ್ಣು ಹಾಕಿ ಕಲಸಿ ರಾತ್ರಿಯಿಡೀ ಇಟ್ಟು ಎಣ್ಣೆಯಲ್ಲಿ ಕಾಯಿಸಿದ್ದು. ಬೇಕರಿಯ ಬನ್ನಿಗೂ ಅದಕ್ಕೂ ಹೆಸರು ಬಿಟ್ರೆ ಬೇರೆ ಸಂಬಂಧ ಇಲ್ಲ.

ಅಚ್ಚಗನ್ನಡ
ವಿಷಯಕ್ಕೆ ಬನ್ನಿ ಮಾರಾಯ್ರೆ. ಅಷ್ಟೊಂದು ಶಬ್ದ ನಾವು ತಗೊಂಡೆವು ಅಂತ ಪಟ್ಟಿ ಬೆಳೀತಾ ಉಂಟು, ನಮ್ಮಿಂದ ಯಾರೂ ಎಂತದೂ ತಗೊಳ್ಳಲಿಲ್ವಾ?

ಬಸ್ರೂರು ಮೂಲ
ತಗೊಳ್ದೆ ಎಂತ. ಹಡಗು ಖಾಲಿ ಹೋಗ್ಲಿಲ್ಲ. ಕೊಪ್ರ ಹೋಗಿ ಇಂಗ್ಲಿಷಿನಲ್ಲಿ ಕೊಪ್ರಾ ಆಯ್ತು. ತೇಗ ಟೀಕ್ ಆಯ್ತು, ಹಗ್ಗದ ನಾರು ಕಾಯರ್ ಆಯ್ತು, ಮಾವು ಮ್ಯಾಂಗೋ ಆಯ್ತು. ಗೋಣಿ ಹೋಗಿ ಗನ್ನಿ ಬ್ಯಾಗ್ ಆಯ್ತು. ಇದರಲ್ಲಿ ಮೊದಲಿನ ನಾಲ್ಕೂ ಹೋದದ್ದು ಮಲಬಾರು ಕಡೆಯಿಂದ ಪೋರ್ಚುಗೀಸರ ಬಾಯಲ್ಲೇ.

ಪುತ್ತೂರು ಅಡಿಕೆ
ಅಡಿಕೆ ಹೋಗಿ ಅರೆಕಾ ಆಯ್ತು! ಅದನ್ನು ಬಿಡ್ಬೇಡಿ. ಮರದ ವೈಜ್ಞಾನಿಕ ಹೆಸರೇ ಅರೆಕಾ ಕಟೆಚು. ಮಲಯಾಳದವರು ಅವರ ಅಡಯ್ಕದಿಂದ ಹೋದದ್ದು ಅಂತಾರೆ, ಅವರದ್ದು ಅಡಯ್ಕ ನಮ್ಮದು ಅಡಿಕೆ, ಎರಡೂ ಒಂದೇ ಬೇರಿನದ್ದು. ತೋಟ ಮಾತ್ರ ನಮ್ಮಲ್ಲಿ ಜಾಸ್ತಿ ಉಂಟು ಅಂತ ನಾನು ಹೇಳ್ತೇನೆ.

ಉಳ್ಳಾಲ ಕಡಲು
ಶಬ್ದ ಹೋದದ್ದು ಮಲಯಾಳದಿಂದ್ಲೇ. ತೋಟದ ಲೆಕ್ಕ ಇಲ್ಲಿ ನಡೀಲಿಕ್ಕಿಲ್ಲ.

ಮಣಿಪಾಲ ರಾತ್ರಿ
ಸಕ್ಕರೆಯ ಕತೆ ಇದಕ್ಕಿಂತ ದೊಡ್ಡದು. ಸಂಸ್ಕೃತದ ಶರ್ಕರಾ, ಮೂಲ ಅರ್ಥ ಮರಳಿನ ಹರಳು, ಕಲ್ಲಿನ ಚೂರು. ಅದು ಪಾರ್ಸಿಗೆ ಹೋಗಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಯುರೋಪಿನಲ್ಲಿ ಹಾಗೇ ಮುಂದಕ್ಕೆ ಹೋಗಿ ಶುಗರ್. ಅದೇ ಶರ್ಕರಾ ಇನ್ನೊಂದು ದಾರಿಯಲ್ಲಿ ಮಲಯಾಳದ ಚಕ್ಕರ ಆಗಿ, ಪೋರ್ಚುಗೀಸರ ಬಾಯಲ್ಲಿ ಜಾಗರ ಆಗಿ, ಇಂಗ್ಲಿಷಿನಲ್ಲಿ ಬೆಲ್ಲಕ್ಕೆ ಜ್ಯಾಗರಿ ಅಂತ ಆಯ್ತು. ಇಂಗ್ಲಿಷರ ಅಂಗಡಿಯಲ್ಲಿ ಶುಗರ್ ಬೇರೆ ಡಬ್ಬ, ಜ್ಯಾಗರಿ ಬೇರೆ ಡಬ್ಬ, ಎರಡರ ಮೇಲೂ ಒಂದೇ ಶಬ್ದ ಬರೆದದ್ದು. ಬೆಲ್ಲ ಮಾತ್ರ ದ್ರಾವಿಡ ಶಬ್ದ, ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದದ್ದು.

ಕದ್ರಿಗುಡ್ಡೆ
ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಟೀಚರ್ ಹತ್ರ ಜಗಳಕ್ಕೆ ಹೋಗ್ಲಿಕ್ಕಿಲ್ಲ, ಪಟ್ಟಿ ಮಗಳೇ ಕೊಂಡುಹೋಗ್ತಾಳೆ. ಇನ್ನೂ ಯಾರಾದ್ರೂ ತರಕಾರಿ ಕಡೆಯದ್ದು ಹೇಳಿದ್ರೆ ಒಳ್ಳೇದಿತ್ತು.

ಬೊಂದೆಲ್ ಬಾಯ್
ಬಟಾಟೆ ಆಗ್ಲೇ ಬಂತು. ಅದು ಕೆರಿಬಿಯನ್ ದ್ವೀಪದ ಟೈನೋ ಜನರ ಶಬ್ದ, ಅಲ್ಲಿ ಸಿಹಿಗೆಣಸಿಗೆ ಹೇಳ್ತಿದ್ದದ್ದು. ಇಂಗ್ಲಿಷಿನ ಪೊಟೇಟೋ ಕೂಡ ಅದೇ. ಅನಾನಸು ಕೂಡ ದಕ್ಷಿಣ ಅಮೆರಿಕದ್ದು. ಪೇರಳೆ ಪೋರ್ಚುಗೀಸಿನ ಪೇರಾ, ಅವರಲ್ಲಿ ಅದು ಬೇರೆ ಹಣ್ಣು.

ಹಂಚಿನಮನೆ
ಬ್ರಿಂಜಾಲ್ ಹೇಳಿ. ಅದು ಇಲ್ಲಿಂದ ಹೊರಟು ಊರೆಲ್ಲ ಸುತ್ತಿ ವಾಪಸು ಬಂದದ್ದು. ಸಂಸ್ಕೃತದಲ್ಲಿ ವಾತಿಂಗಣ ಅಂತ ಇತ್ತು, ಅದು ಪಾರ್ಸಿಗೆ ಹೋಗಿ ಬಾದಿಂಗಾನ್, ಅರಬ್ಬಿಯಲ್ಲಿ ಬಾದಿಂಜಾನ್, ಪೋರ್ಚುಗೀಸಿನಲ್ಲಿ ಬೆರಿಂಜೇಲಾ, ಅವರು ಹಡಗಿನಲ್ಲಿ ಅದನ್ನು ವಾಪಸು ತಂದ ಮೇಲೆ ಇಲ್ಲಿನ ಇಂಗ್ಲಿಷರು ಬ್ರಿಂಜಾಲ್ ಅಂದ್ರು. ಈಗ ಉಡುಪಿಯ ಅಂಗಡಿಗಳಲ್ಲಿ ಮಟ್ಟುಗುಳ್ಳದ ಬುಟ್ಟಿಯ ಮೇಲೂ ಬ್ರಿಂಜಾಲ್ ಅಂತ ಬೋರ್ಡು ಹಾಕ್ತಾರೆ.

ಶಿವಮೊಗ್ಗ ಸೊಸೆ
ಮಟ್ಟುಗುಳ್ಳ ಅಂದ್ರೆ ಬದನೆಕಾಯೇ ಅಲ್ವಾ?

ಮಲ್ಪೆ ಬಂದರು
ಉಡುಪಿಯ ಸೊಸೆ ಆಗಿ ಹೀಗೆ ಕೇಳ್ಬಾರ್ದು. ಗುಳ್ಳ ಗುಳ್ಳವೇ, ಬದನೆ ಬದನೆಯೇ. ಅದಕ್ಕೆ ಬೇರೆ ಜಿಐ ಟ್ಯಾಗೇ, ಈ ಊರಿನದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಕೊಟ್ಟಿದ್ದಾರೆ.

ಧಾರವಾಡ ಪೇಡೆ
ಸಸ್ಯಶಾಸ್ತ್ರದ ಪ್ರಕಾರ ಬದನೀನೇ ಅದು.

ಮಲ್ಪೆ ಬಂದರು
ಮಟ್ಟುವಿಗೆ ಬಂದು ಒಂದ್ಸಲ ಗುಳ್ಳದ ಹುಳಿ ಉಣ್ಣಿ, ಮತ್ತೆ ಮಾತಾಡುವ.